ತುಕ್ಕಿನ ಪಾಠ

ಪ್ರತಿ ವರ್ಷ ಮಳೆಗಾಲದಲ್ಲಿ, ಅಂದರೆ ನಮ್ಮ ಚಳ್ಳಕೆರೆಯಲ್ಲಿ ಮೋಡ ಮಾತ್ರ ಬಂದು ಹೋಗುವ ಆ ಕಾಲದಲ್ಲಿ, ನಾನು ಮೂರು ಪ್ರನಾಳಗಳಿಗೆ ಮೂರು ಮೊಳೆ ಹಾಕಿ ಮಕ್ಕಳ ಮುಂದೆ ಇಡುತ್ತೇನೆ. ಒಂದಕ್ಕೆ ನಲ್ಲಿ ನೀರು. ಇನ್ನೊಂದಕ್ಕೆ ಕುದಿಸಿದ ನೀರು, ಅದರ ಮೇಲೆ ಗಾಳಿ ಇಳಿಯದಂತೆ ಒಂದು ಪದರ ಎಣ್ಣೆ. ಮೂರನೆಯದಕ್ಕೆ ನೀರೇ ಇಲ್ಲ, ತೇವ ಹೀರುವ ಪುಡಿ ಮಾತ್ರ. ವಾರ ಬಿಟ್ಟು ತೆಗೆದರೆ ಮೊದಲನೆಯದಕ್ಕೆ ಮಾತ್ರ ತುಕ್ಕು ಹತ್ತಿರುತ್ತದೆ. ಮೊದಮೊದಲು ಆ ಎಣ್ಣೆಯನ್ನು ಮಕ್ಕಳೇ ತರುತ್ತಿದ್ದರು, ಗಾಣದ ಶೇಂಗಾ ಎಣ್ಣೆ, ತರಗತಿಯೆಲ್ಲ ಘಮ್ಮೆನ್ನುತ್ತಿತ್ತು. ಈಗ ತರುವುದು ಪಾಕೀಟಿನ ಪಾಮೊಲಿನ್. ಮೊಳೆಗೆ ಅದರಿಂದ ಏನೂ ವ್ಯತ್ಯಾಸವಿಲ್ಲ, ಊರಿಗೆ ಆಯಿತು. ಆ ಮಾತು ಆಮೇಲೆ.

ಈ ಮೂರು ಮೊಳೆಗಳ ದೆಸೆಯಿಂದಲೇ ನಾನು ಒಂದು ಗಾಡಿಯ ಹಣೆಬರಹ ಬರೆಯುವ ಪಂಚಾಯ್ತಿಗೆ ಕೂರಬೇಕಾಯಿತು. ಸೋದರಮಾವನ ಮಗ ಫೋನು ಮಾಡಿದ.

“ಭಾವ, ನೀನು ತುಕ್ಕಿನ ಪಾಠ ಮಾಡ್ತೀಯಲ್ಲ, ಬಂದು ನಮ್ ಗಾಡಿ ನೋಡು. ರೆಡಿ ಮಾಡ್ಸಾದಾ, ಗುಜರಿಗೆ ಹಾಕಾದಾ, ನೀ ಹೇಳ್ದಂಗೆ.”

“ಮಾವ ಏನಂತಾರೆ?”

“ಅಪ್ಪ ಏನೂ ಅನ್ನಲ್ಲ. ಅದ್ಕೇ ನಿನ್ನ ಕರೀತಿರಾದು.”

ತಳಕು ದಾಟಿ, ಹಾನಗಲ್ಲಿನ ಹತ್ತಿರ ಹೆದ್ದಾರಿ ಬಿಟ್ಟು ಮೊಳಕಾಲ್ಮೂರಿನ ಕಡೆ ತಿರುಗಿದರೆ ಆ ಕಡೆಯ ಬಂಡೆ ಗುಡ್ಡಗಳ ನಡುವೆ ಮಾವನ ಊರು. ಗಾಡಿ ನಿಂತಿದ್ದು ಹೊಂಗೆ ಮರದ ಕೆಳಗೆ. ಟಾಟಾ 207, 1997ನೇ ಮಾಡೆಲ್, ಕೆಎ-16 ನಂಬರು. ಮಾವನ ಬಾಯಲ್ಲಿ ಅದು ‘ಟೂ ನಾಟ್ ಸೆವೆನ್’. 407 ಬಂದದ್ದು 1986ರಲ್ಲಿ, 1988ರಲ್ಲಿ ಟಾಟಾಮೊಬೈಲ್, ಆ ವಂಶದ್ದೇ ಈ 207. ಲಾರಿಯಷ್ಟು ದೊಡ್ಡದಲ್ಲ, ಆಟೊದಷ್ಟು ಚಿಕ್ಕದಲ್ಲ, ಹೊಲದ ಬದುವಿನ ತನಕ ಹೋಗಿ ಹಿಂದಕ್ಕೆ ಬರುವಂಥದ್ದು. ಬಾನೆಟ್ಟಿನ ಒಳಗೆ ರಿವೆಟ್ ಹೊಡೆದ ತಗಡಿನಲ್ಲಿ ಕಂಪನಿಯ ಹಳೆಯ ಉದ್ದನೆಯ ಹೆಸರೇ ಇದೆ, ಟಾಟಾ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್. 2003ರಲ್ಲಿ ಅದು ಟಾಟಾ ಮೋಟಾರ್ಸ್ ಆಯಿತು. ಆ ‘ಲೋಕೋಮೋಟಿವ್’ ಪದವನ್ನು ಮಾವ ಯಾರಿಂದಲೋ ಓದಿಸಿಕೊಂಡು, “ರೈಲ್ ಕಂಪ್ನಿ ಗಾಡಿ ಕಣಪ್ಪ ಇದು” ಎಂದು ನನ್ನ ಮದುವೆಯಲ್ಲಿ ಬೀಗರ ಮುಂದೆ ಹೇಳಿದ್ದರು. 2016ರಲ್ಲಿ ಎಫ್‌ಸಿ ಮುಗಿಯಿತು, ಅದೇ ವರ್ಷ ಮಾವನ ಮೊಣಕಾಲೂ ಮುಗಿಯಿತು. ಇಬ್ಬರೂ ಮನೆ ಮುಂದೆ ಕೂತರು.

ನಾನು ಹೋದಾಗ ಡ್ರೈವರ್ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಅದು ನನ್ನನ್ನು ನೋಡಿದ ರೀತಿ ನೋಡಿದರೆ ಆರ್‌ಸಿ ಅದರ ಹೆಸರಿಗೇ ಇದೆ ಅನಿಸಬೇಕು.

ಮೊದಲ ನೋಟಕ್ಕೆ ನನಗೆ ಆಶ್ಚರ್ಯವಾಯಿತು. ಒಂಬತ್ತು ವರ್ಷ ಬಯಲಲ್ಲಿ ನಿಂತ ಗಾಡಿ. ಕ್ಯಾಬಿನ್ನಿನ ತಾರಸಿ, ಬಾನೆಟ್ಟು ಗಟ್ಟಿಮುಟ್ಟಾಗಿವೆ. ಬಿಸಿಲು ಬಣ್ಣವನ್ನು ತಿಂದಿದೆ, ಕಬ್ಬಿಣವನ್ನು ತಿಂದಿಲ್ಲ. ಬೆರಳಿನಿಂದ ಉಜ್ಜಿದರೆ ಕೆಂಪು ಪುಡಿ ಅಂಟುತ್ತದೆ, ಅದರಡಿಗೆ ಕಬ್ಬಿಣ ಗಟ್ಟಿ. ಇದು ನಮ್ಮ ಸೀಮೆಯ ಪುಣ್ಯ, ಅಥವಾ ಪಾಪ. ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು ಮಳೆ, ಅದೂ ಬಂದರೆ. ಇದೇ ಗಾಡಿ ಮಂಗಳೂರಿನಲ್ಲಿ, ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಊರಲ್ಲಿ, ಕಡಲ ಉಪ್ಪುಗಾಳಿಗೆ ಮೈಯೊಡ್ಡಿ ಒಂಬತ್ತು ವರ್ಷ ನಿಂತಿದ್ದರೆ ಕೋಳಿ ಕೂರಲಿಕ್ಕೂ ಸೀಟು ಇರುತ್ತಿರಲಿಲ್ಲ. ಗಾಳಿಯಲ್ಲಿ ತೇವ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಕಬ್ಬಿಣ ಬಹಳ ನಿಧಾನಕ್ಕೆ ತುಕ್ಕು ಹಿಡಿಯುತ್ತದೆ. ರಾಗಿಗೆ ಸಾಲದ ನಮ್ಮ ಮಳೆ ತುಕ್ಕಿಗೂ ಸಾಲದು.

ಹಾಗಾದರೆ ತುಕ್ಕು ಎಲ್ಲಿ? ಹಿಂದೆ ಹೋಗಿ ಬಾಡಿ ಹತ್ತಿದೆ. ಹತ್ತಿದವನು ಹಾಗೆಯೇ ನಿಂತೆ, ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಕೆಳಗೆ ಹೊಂಗೆಯ ಬೇರಿನ ಮೇಲೆ ಇರುತ್ತಿದ್ದೆ.

ಬಾಡಿಯ ನೆಲ ಒಂದೇ ತಗಡು, ಆದರೆ ಮೂರು ದೇಶ. ಕ್ಯಾಬಿನ್ನಿಗೆ ಒತ್ತಿಕೊಂಡ ಎರಡಡಿ ಜಾಗ ಕಪ್ಪಗೆ, ನುಣ್ಣಗೆ, ಒಂದು ಚುಕ್ಕೆ ತುಕ್ಕಿಲ್ಲ. ನಡುವಿನಿಂದ ಹಿಂದಿನ ಚಕ್ರದವರೆಗೆ ಹಪ್ಪಳ. ಪದರ ಪದರವಾಗಿ ಎದ್ದು, ಕಾಲಿಟ್ಟರೆ ಪುಡಿ. ಎಡ ಮೂಲೆಯಲ್ಲಿ ಬಿಳಿ ಅಂಚಿನ ತೂತುಗಳು, ಜರಡಿ ಹಿಡಿದಂತೆ. ಮೊಣಕಾಲೂರಿ ಕೂತು ಬಹಳ ಹೊತ್ತು ನೋಡಿದೆ. ಮಾವ ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು.

“ಮಾವ, ಕ್ಯಾಬಿನ್ ಬೆನ್ನಿಗೆ ಏನು ಇಡ್ತಿದ್ರಿ?”

“ಎಣ್ಣೆ ಡಬ್ಬ. ಮಿಲ್ಲಿಂದ ತರ್ತಿದ್ದೆ. ಸೋರಾದು ಒಂದೊಂದು.”

ಎರಡನೆಯ ಪ್ರನಾಳ! ವರ್ಷಗಟ್ಟಲೆ ಸೋರಿದ ಶೇಂಗಾ ಎಣ್ಣೆ ಆ ಎರಡಡಿಗೆ ಗಾಳಿ ಸೋಕಗೊಟ್ಟಿರಲಿಲ್ಲ. ಮೇಲಿನ ತಾರಸಿ ಮೂರನೆಯ ಪ್ರನಾಳ, ನೀರು ಅಷ್ಟಾಗಿ ಕಾಣದ್ದು. ನಡುವಿನ ಹಪ್ಪಳ? ಅದಕ್ಕೆ ಕೇಳಬೇಕಾಗಿರಲಿಲ್ಲ, ಮೂಗಿಗೇ ಗೊತ್ತಾಯಿತು, ಒಂಬತ್ತು ವರ್ಷದ ಮೇಲೂ. ಕುರಿ. ಸಂತೆಗೆ, ಜಾತ್ರೆಗೆ, ಬರದ ವರ್ಷ ಮೇವಿದ್ದ ಕಡೆಗೆ ಇಪ್ಪತ್ತೈದು ಮೂವತ್ತು ಕುರಿ ತುಂಬಿಕೊಂಡು ಹೋಗುವುದು. ಅವು ಹೆದರಿ ನಿಂತಲ್ಲೇ ಉಚ್ಚೆ ಹೊಯ್ಯುವುದು. ಕುರಿಯ ಉಚ್ಚೆಯಲ್ಲಿ ಉಪ್ಪಿದೆ, ಯೂರಿಯಾ ಇದೆ, ಅದು ಕೊಳೆತರೆ ಅಮೋನಿಯಾ. ಮೂಲೆಯ ಬಿಳಿ ಅಂಚು ಅಂಗಡಿಯ ಯೂರಿಯಾ ಚೀಲದ್ದು, ಹರಿದ ಚೀಲದಿಂದ ಸುರಿದು ರಾತ್ರಿಯ ಇಬ್ಬನಿಗೆ ಕರಗಿದ್ದು. ನಮ್ಮ ಸೀಮೆಯ ಗಾಡಿಗೆ ತುಕ್ಕು ಆಕಾಶದಿಂದ ಇಳಿಯುವುದಿಲ್ಲ, ಹೇರಿದ ಮಾಲಿನಿಂದ ಹತ್ತುತ್ತದೆ. ಯಾವ ಮಾಲು, ಎಷ್ಟು ವರ್ಷ, ಯಾವ ಮೂಲೆಯಲ್ಲಿ ಎಂದು ಆ ನೆಲ ಖಾತೆ ಪುಸ್ತಕದಂತೆ ಬರೆದಿಟ್ಟಿತ್ತು.

ಅದರಲ್ಲಿ ದಾಖಲಾಗದ ಮಾಲೊಂದಿದೆ, ಮೊಳಕಾಲ್ಮೂರಿನ ರೇಷ್ಮೆ ಸೀರೆ. ಮಾವನನ್ನು ಕೇಳಿದರೆ ನಕ್ಕರು. ನೇಕಾರರಿಗೆ ಗಾಡಿ ಯಾಕೆ ಬೇಕು? ಒಂದು ಕೈಚೀಲದಲ್ಲಿ ಹಿಡಿಯುವಷ್ಟು ಸೀರೆ ಇಡೀ ಗಾಡಿಯ ಶೇಂಗಾಕ್ಕಿಂತ ಹೆಚ್ಚು ಬಾಳುತ್ತದೆ. ಅವರು ಬಸ್ಸಿನಲ್ಲೇ ಹೋಗುತ್ತಾರೆ, ಕಿಟಕಿ ಪಕ್ಕ, ಚೀಲ ತೊಡೆಯ ಮೇಲೆ.

ಮರುದಿನ ಪಂಚಾಯ್ತಿಯ ಉಳಿದ ಸದಸ್ಯರು ಬಂದರು. ಎಂಜಿನ್ ಮೇಸ್ತ್ರಿ ಚಳ್ಳಕೆರೆಯಿಂದ ಬೈಕಿನಲ್ಲಿ, ಟಿಂಕರಿಂಗ್ ಸಾಬರು ಅವರ ಹಿಂದೆ ಕೂತು. ಮೇಸ್ತ್ರಿ ಮೊದಲು ಫ್ಯಾನ್ ಬೆಲ್ಟ್ ಹಿಡಿದು ಎಂಜಿನ್ ತಿರುಗಿಸಲು ನೋಡಿದರು, ಅಲುಗಲಿಲ್ಲ. ನಾಜಲ್ ಬಿಚ್ಚಿ, ಸಿಲಿಂಡರುಗಳಿಗೆ ಒಂದೊಂದು ಮುಚ್ಚಳ ಡೀಸೆಲ್ಲು, ಎಂಜಿನ್ ಆಯಿಲ್ ಬೆರೆಸಿ ಬಿಟ್ಟು, “ಊಟ ಮಾಡಾಣ ಬರ್ರಿ” ಅಂದರು. ಊಟ ಮುಗಿಸಿ, ಅತ್ತೆ ಕೊಟ್ಟ ಎಲೆಯಡಿಕೆ ಹಾಕಿಕೊಂಡು ಬಂದು ಉದ್ದನೆಯ ಪೈಪು ಸಿಕ್ಕಿಸಿ ನಿಧಾನಕ್ಕೆ ಒತ್ತಿದರು. ಒಳಗೆ ಏನೋ ನಿದ್ದೆಯಲ್ಲಿ ಮಗ್ಗುಲಾದಂತೆ ಸದ್ದಾಯಿತು, ತಿರುಗಿತು. ಮಾವ ಕಟ್ಟೆಯಿಂದ ಎದ್ದು ನಿಂತರು. ಮೊಣಕಾಲು ನೋವೆಂದು ಅತ್ತೆ ನೀರು ಕೇಳಿದರೂ ಏಳದ ಮನುಷ್ಯ.

ಸಾಬರ ಪರೀಕ್ಷೆ ಬೇರೆ ತರಹ. ಒಂದು ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್, ಎರಡು ಕಿವಿ. ಗಾಡಿಯ ಕೆಳಗೆ ಗೋಣಿಚೀಲ ಹಾಸಿ ಅಂಗಾತ ಮಲಗಿ ಚಾಸಿಯನ್ನು ಮುಂದಿನಿಂದ ಹಿಂದಕ್ಕೆ ಗೇಣು ಗೇಣಿಗೂ ಬಡಿಯುತ್ತಾ ಹೋದರು. ಠಣ್, ಠಣ್, ಠಣ್. ದೇವಸ್ಥಾನದ ಗಂಟೆಯ ಹಾಗೆ. ಹಿಂದಿನ ಕಮಾನು ಪಟ್ಟಿ ಸೇರುವ ಜಾಗಕ್ಕೆ ಬಂದಾಗ ಒಂದೇ ಒಂದು ಸಲ ‘ದಬ್’ ಅಂದಿತು. ಸುತ್ತಿಗೆ ನಿಂತಿತು. ಸ್ಕ್ರೂಡ್ರೈವರ್ ಒತ್ತಿದರು, ಅರ್ಧ ಇಂಚು ಒಳಗೆ ಹೋಯಿತು. ಕಬ್ಬಿಣ ತುಕ್ಕಾದರೆ ಹಲವು ಪಟ್ಟು ಉಬ್ಬುತ್ತದೆ, ಅದಕ್ಕೇ ನೋಡಲಿಕ್ಕೆ ದಪ್ಪಗಿದ್ದಂತೆ ಕಾಣುತ್ತದೆ, ಒಳಗೆ ಸತ್ತಿರುತ್ತದೆ. ಮೇಲಿನ ತೂತಿನಿಂದ ಕುರಿಯ ಉಚ್ಚೆ ಇಳಿದು ತೊಟ್ಟಿಕ್ಕಿದ ಜಾಗ ಅದೇ.

“ಬಾಡಿ ಅನ್ನಾದು ಅಂಗಿ ಇದ್ದಂಗೆ ಮೇಷ್ಟ್ರೇ, ಹರಿದ್ರೆ ಹೊಲೀಬೌದು” ಎಂದು ಕೆಳಗಿನಿಂದಲೇ ಸಾಬರು ಹೇಳಿದರು. “ಚಾಸಿ ಬೆನ್ನುಮೂಳೆ. ಇಲ್ಲೊಂದು ಕಡೆ ಹೋಗೈತೆ. ದಪ್ಪ ಪ್ಲೇಟು ಕೊಟ್ಟು ಎತ್ಬೌದು. ಆದ್ರೆ ಎರಡು ಟನ್ ಹೇರ್ತೀನಿ ಅಂದ್ರೆ ನಾನು ಮುಟ್ಟಾಕಿಲ್ಲ.”

ನನಗೂ ಏನಾದರೂ ಮಾಡಬೇಕಿತ್ತು. ಹಳೆಯ ಗಾಡಿಗಳಿಗೆ ಪಟ್ಟಿ ಮೆತ್ತಿ ಬಣ್ಣ ಹೊಡೆದಿರುತ್ತಾರೆ, ಆಯಸ್ಕಾಂತ ಹಿಡಿದರೆ ಅಲ್ಲಿ ಅಂಟುವುದಿಲ್ಲ ಎಂದು ಓದಿದ್ದೆ. ಶಾಲೆಯ ಆಯಸ್ಕಾಂತಕ್ಕೆ ಬೀರುವಿನ ಬೀಗದ ಕೈ ಸಿಗದೆ, ನಮ್ಮ ಫ್ರಿಜ್ಜಿನ ಮೇಲಿದ್ದ ಮಗಳ ಮಾವಿನಹಣ್ಣಿನ ಬೊಂಬೆಯನ್ನೇ ಜೇಬಿಗೆ ಹಾಕಿಕೊಂಡು ಬಂದಿದ್ದೆ. ಅದನ್ನು ಹಿಡಿದು ಗಾಡಿಗೆ ಪ್ರದಕ್ಷಿಣೆ ಹಾಕಿದೆ. ಬಾನೆಟ್ಟಿಗೆ ಅಂಟಿತು. ಬಲ ಬಾಗಿಲಿಗೆ ಅಂಟಿತು. ಎಡ ಬಾಗಿಲಿಗೆ ಇಟ್ಟೆ, ಟಪ್ಪನೆ ಉದುರಿತು. ಮತ್ತೆ ಇಟ್ಟೆ, ಮತ್ತೆ ಉದುರಿತು. ಒಂದು ಮೊಳ ಉದ್ದ, ಗೇಣು ಅಗಲ, ಬರೀ ಪಟ್ಟಿ.

ಇಲ್ಲಿ ಒಂದು ವಿಷಯ ಹೇಳಬೇಕು. “ಇಪ್ಪತ್ತು ವರ್ಷ ಓಡ್ಸಿದೀನಿ, ಒಂದು ಗೀರಿಲ್ಲ” ಎನ್ನುವುದು ಮಾವ ನಮಗೆಲ್ಲ ಹೇಳಿಕೊಂಡು ಬಂದ ಮಾತು. ಮದುವೆ, ಮುಂಜಿ, ತಿಥಿ, ಎಲ್ಲಿ ನಾಲ್ಕು ಜನ ಸೇರಿದರೂ ಆ ಮಾತು ಬರುತ್ತಿತ್ತು. ನಾನು ಮಾವಿನಹಣ್ಣು ಹಿಡಿದು ಅವರ ಮುಖ ನೋಡಿದೆ. ಅವರು ಹೊಂಗೆ ಮರ ನೋಡಿದರು.

“ಅದಾ... ಗೌರಸಮುದ್ರದ ಮಾರಮ್ಮನ ಜಾತ್ರೇಲಿ. ಜನ ಜಾಸ್ತಿ ಇದ್ರು. ಎತ್ತಿನ ಗಾಡಿ ಮೂಕಿ ಬಡೀತು. ನಿಮ್ಮತ್ತೆಗೆ ಹೇಳಬ್ಯಾಡ.”

ಅತ್ತೆ ಒಳಗಿನಿಂದಲೇ, “ಆವತ್ತು ರಾತ್ರಿ ಅಂಗೀಲಿ ಬಣ್ಣದ ವಾಸ್ನೆ ಹೊತ್ಕಂಡು ಬಂದಾಗ್ಲೇ ಗೊತ್ತಾತು” ಅಂದರು. ಇಪ್ಪತ್ತು ವರ್ಷ ಮಾವ ಮೆತ್ತಿದ ಪಟ್ಟಿಯ ಮೇಲೆ ಅತ್ತೆ ಇನ್ನೊಂದು ಪದರ ಮೆತ್ತಿಕೊಂಡಿದ್ದರು.

ಹಿಂದಿನ ಬಾಗಿಲಿನ ಮೇಲೆ ತಿಪ್ಪೇರುದ್ರಸ್ವಾಮಿಯ ಹೆಸರು, ಎರಡೂ ಕಡೆ ಕಮಲ, ಕೆಳಮೂಲೆಯಲ್ಲಿ ಅರ್ಧ ಅಳಿಸಿದ ಸಣ್ಣ ಅಕ್ಷರದಲ್ಲಿ ಬರೆದವನ ಸಹಿ. ಆ ಸಹಿ ನೋಡಿದಾಗ ನನಗೆ ಅಲ್ಲಿಂದ ಹೆಚ್ಚು ದೂರವಿಲ್ಲದ ಬ್ರಹ್ಮಗಿರಿ ನೆನಪಾಯಿತು. ಅಶೋಕನ ಶಾಸನ ಅಲ್ಲಿದೆ, ಸಿದ್ದಾಪುರದಲ್ಲಿದೆ, ಜಟಿಂಗ ರಾಮೇಶ್ವರದಲ್ಲಿದೆ, 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದದ್ದು. ಆ ಶಾಸನ ಬರೆದ ಚಪಡನೆಂಬ ಲಿಪಿಕಾರ ಕೊನೆಯಲ್ಲಿ ತನ್ನ ಹೆಸರು ಹಾಕಿ, ‘ಲಿಪಿಕಾರ’ ಎನ್ನುವ ಮಾತನ್ನು ಮಾತ್ರ ದೂರದ ವಾಯವ್ಯ ದೇಶದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದುಬಿಟ್ಟಿದ್ದಾನೆ. ಈ ಸೀಮೆಯಲ್ಲಿ ಯಾರು ಓದುತ್ತಾರೆಂದುಕೊಂಡನೋ. ಓದಲಿ ಬಿಡಲಿ, ಬರೆದವನಿಗೆ ಸಹಿ ಹಾಕದೆ ಕೈ ನಿಲ್ಲುವುದಿಲ್ಲ.

ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಬೃಹತ್ ಶಿಲಾ ಸಮಾಧಿಗಳಲ್ಲಿ ಸಿಕ್ಕಿದ್ದು ಕಬ್ಬಿಣದ ಕುಡುಗೋಲು, ಚಾಕು, ಬಾಣದ ಮೊನೆ. ಎಲ್ಲವೂ ತುಕ್ಕು. ಅವನ್ನು ಯಾರೂ ಗುಜರಿಗೆ ಹಾಕಲಿಲ್ಲ, ಉಜ್ಜಿ ಫಳಫಳ ಮಾಡಲೂ ಇಲ್ಲ. ನಮ್ಮ ಕಡೆ ಹಳೆಯದನ್ನು ಮೇಲೆತ್ತುವುದಕ್ಕೆ ಇರುವ ಗಂಭೀರ ಪದ ‘ಜೀರ್ಣೋದ್ಧಾರ’, ಅದು ದೇವಸ್ಥಾನಕ್ಕೆ ಮಾತ್ರ. ಅದರ ಹೆಸರಿನಲ್ಲಿ ಎಷ್ಟು ಒಳ್ಳೆಯ ಕಲ್ಲುಗುಡಿಗಳಿಗೆ ಆಯಿಲ್ ಪೇಂಟ್ ಬಳಿದು, ನೆಲಕ್ಕೆ ಬಚ್ಚಲುಮನೆಯ ಟೈಲ್ಸ್ ಹಾಕಿದ್ದಾರೆಂದು ನೋಡಿದವರಿಗೆ ಆ ಪದ ಕೇಳಿದರೇ ಭಯ. ಗಾಡಿಗಾದರೆ ನಾವು ಹೇಳುವುದು ‘ರೆಡಿ ಮಾಡ್ಸಾದು’. ನನಗೆ ಆ ಮಾತೇ ಮೇಲು. ಅದರಲ್ಲಿ ಕೆಲಸಕ್ಕೆ ತಯಾರು ಮಾಡುವುದು ಎಂಬ ಅರ್ಥವಷ್ಟೇ ಇದೆ, ಚೆಂದ ಮಾಡುವ ಹಟವಿಲ್ಲ.

ಸಂಜೆಗೆ ಲೆಕ್ಕ ಬರೆದೆವು. ಎಂಜಿನ್ನಿಗೆ ರಿಂಗು, ಲೈನರು, ನಾಜಲ್, ಪಂಪು ಎಲ್ಲ ಸೇರಿ ಎಪ್ಪತ್ತು ಸಾವಿರ. ಟಿಂಕರಿಂಗು, ಹೊಸ ನೆಲ, ಬಣ್ಣ ಐವತ್ತೈದು. ನಾಲ್ಕು ಟಯರು ಇಪ್ಪತ್ತಾರು. ಬ್ರೇಕು, ಬ್ಯಾಟರಿ, ಇಲಿ ಕಡಿದ ವೈರಿಂಗು ಇಪ್ಪತ್ತೈದು. ಒಟ್ಟು ಒಂದು ಲಕ್ಷದ ಎಪ್ಪತ್ತಾರು ಸಾವಿರ, ಕಾಗದಪತ್ರ ಬೇರೆ. ಗುಜರಿಯವನು ತೂಕದ ಮೇಲೆ ಕಟ್ಟಿದ ಬೆಲೆ ನಲವತ್ತಾರು ಸಾವಿರ.

ಕಾಗದಪತ್ರದ್ದು ದೊಡ್ಡ ಪುರಾಣ. ಚಿತ್ರದುರ್ಗದ ಏಜೆಂಟ್ ಒಬ್ಬರು ಫೋನಿನಲ್ಲೇ ಬಿಡಿಸಿ ಹೇಳಿದರು. ದೆಹಲಿಯಂತೆ ಹತ್ತು ವರ್ಷಕ್ಕೇ ಡೀಸೆಲ್ ಗಾಡಿ ಮೂಲೆಗೆ ಹಾಕುವ ನಿಯಮ ನಮಗಿಲ್ಲ. ಆದರೆ ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷವರ್ಷವೂ ಎಫ್‌ಸಿ ಆಗಬೇಕು. ಹದಿನೈದು ದಾಟಿದ ಗಾಡಿಗಳ ಎಫ್‌ಸಿ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಹಲವು ಪಟ್ಟು ಏರಿಸಿದೆ, ಮುದಿ ಗಾಡಿಗಳು ತಾವಾಗಿಯೇ ಜಾಗ ಖಾಲಿ ಮಾಡಲೆಂದು. ಗುಜರಿಗೆ ಹಾಕುವುದಾದರೂ ಸುಮ್ಮನೆ ತೂಗಿ ಕೊಡುವಂತಿಲ್ಲ. ಆರ್‌ಸಿ ರದ್ದು ಮಾಡಿಸದೆ ಕೊಟ್ಟರೆ ನಾಳೆ ಆ ನಂಬರಿನಲ್ಲಿ ಏನಾದರೂ ಆದರೆ ಪೊಲೀಸರು ಬರುವುದು ಮಾವನ ಮನೆಗೇ. ನೋಂದಾಯಿತ ಕೇಂದ್ರಕ್ಕೆ ಕೊಟ್ಟರೆ ಒಂದು ಪ್ರಮಾಣಪತ್ರ ಸಿಗುತ್ತದೆ, ಹೊಸ ಸರಕು ಗಾಡಿಯ ತೆರಿಗೆಯಲ್ಲಿ ಶೇಕಡಾ 15ರವರೆಗೆ ರಿಯಾಯಿತಿಗೆ ಅವಕಾಶವಿದೆ. ವಿಂಟೇಜ್ ಅಂತ ಮಾಡಿಸಬಹುದಾ ಎಂದು ಬಾಮೈದನಿಗೆ ಆಸೆ. 2021ರ ನಿಯಮದಂತೆ ಅದಕ್ಕೆ ಐವತ್ತು ವರ್ಷ ತುಂಬಬೇಕು, ಬಾಡಿಗೆಗೆ ಓಡಿಸುವಂತಿಲ್ಲ. ಅಂದರೆ 2047.

“ಅಷ್ಟೊತ್ತಿಗೆ ನನ್ನೇ ಗುಜರಿಗೆ ಹಾಕಿರ್ತಾರೆ ಬಿಡು ಭಾವ.”

ಲೆಕ್ಕ ನೋಡಿದರೆ ಉತ್ತರ ಕಣ್ಣಿಗೆ ಹೊಡೆಯುತ್ತಿತ್ತು. ಅಷ್ಟು ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಸೆಕೆಂಡ್ ಹ್ಯಾಂಡ್ ಬೊಲೆರೊ ಪಿಕಪ್ ಬರುತ್ತದೆ. ನಾನು ಹಾಗೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಕೇಳಿದರು.

“ರೆಡಿ ಮಾಡಾದು ನನ್ನ ಕೆಲ್ಸ, ಮಾಡ್ತೀನಿ. ಆದ್ರೆ ಏನ್ ಹೇರ್ತೀರಾ?”

ಇಡೀ ದಿನದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಎಣ್ಣೆ ಮಿಲ್ಲುಗಳ ದೆಸೆಯಿಂದ ಚಳ್ಳಕೆರೆಗೆ ಎರಡನೇ ಬಾಂಬೆ ಎನ್ನುತ್ತಿದ್ದ ಕಾಲದಲ್ಲಿ ಇಂಥ ಗಾಡಿಗೆ ಪುರುಸೊತ್ತಿರಲಿಲ್ಲ. ಸುಗ್ಗಿಯಲ್ಲಿ ಹೊಲದಿಂದ ಯಾರ್ಡಿಗೆ ಶೇಂಗಾ ಚೀಲ, ಮಿಲ್ಲಿನಿಂದ ಅಂಗಡಿಗೆ ಎಣ್ಣೆ, ಹಿಂದಕ್ಕೆ ಬರುವಾಗ ದನಕ್ಕೆ ಹಿಂಡಿ. ಖಾಲಿ ಬರುವ ದಾರಿಯೇ ಇರಲಿಲ್ಲ. 1994ರಲ್ಲಿ ಪಾಮೊಲಿನ್ ಆಮದಿಗೆ ಬಾಗಿಲು ತೆರೆಯಿತು. ಮಾವ ಗಾಡಿ ತಂದದ್ದು ಅದಾಗಿ ಮೂರು ವರ್ಷಕ್ಕೆ, ಬಾಗಿಲ ಸದ್ದು ಇನ್ನೂ ನಮ್ಮ ಹಳ್ಳಿಗೆ ಕೇಳಿಸಿರಲಿಲ್ಲ. ಮಳೆ ಕೈಕೊಟ್ಟ ವರ್ಷಗಳು ಒಂದರ ಮೇಲೊಂದು ಬಂದವು, ಮಿಲ್ಲುಗಳು ಒಂದೊಂದಾಗಿ ಬೀಗ ಹಾಕಿದವು. 2005ರಲ್ಲಿ ಟಾಟಾ ಏಸ್ ಬಂತು, ಸಣ್ಣ ಬಾಡಿಗೆಯೆಲ್ಲ ಅದರ ಪಾಲಾಯಿತು. ಉಳಿದದ್ದು ಕುರಿ. ಕುರಿ ಹೇರಿದ್ದಕ್ಕೇ ನೆಲ ಹೋದದ್ದು. ಮತ್ತೆ ಕುರಿಯನ್ನೇ ಹೇರಲೆಂದು ಲಕ್ಷ ಸುರಿಯುವುದು ಯಾವ ಬುದ್ಧಿ?

ಯಾರೂ ಮಾತಾಡಲಿಲ್ಲ. ಸಾಬರು ಬೀಡಿ ಹಚ್ಚಿದರು. ಆಗ ಮಾವ ಎರಡು ದಿನದಲ್ಲಿ ಮೊದಲ ಸಲ ತಾವಾಗಿ ಬಾಯಿಬಿಟ್ಟರು.

“ಮೇವು.”

ನಮ್ಮ ಕಡೆಯ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳಿರುತ್ತವೆ. ಉಳುವುದಕ್ಕಲ್ಲ, ಮಾರುವುದಕ್ಕಲ್ಲ, ದೇವರಿಗೆ ಬಿಟ್ಟ ರಾಸುಗಳು. ಕಿಲಾರಿಗಳು ಅವನ್ನು ಕಾವಲಿನಲ್ಲಿ ಮೇಯಿಸಿಕೊಂಡಿರುತ್ತಾರೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ನೀರು ಬತ್ತಿದಾಗ ಊರೂರಿಂದ ಮೇವು ಕೂಡಿಸಿ ಒಯ್ಯಬೇಕು. ಪಕ್ಕದ ಹಟ್ಟಿಯ ಕಿಲಾರಿ ಹೋದ ಬೇಸಿಗೆಯಲ್ಲಿ ಬಂದು, ಸಪ್ಪೆಗೆ ದುಡ್ಡು ಕೊಡುವವರಿದ್ದಾರೆ, ಸಾಗಿಸುವ ಬಾಡಿಗೆಗೇ ಗತಿಯಿಲ್ಲ ಎಂದು ಇದೇ ಕಟ್ಟೆಯ ಮೇಲೆ ಕೂತು ಹೇಳಿಹೋಗಿದ್ದನಂತೆ.

ಸಾಬರು ಲೆಕ್ಕ ಹಾಕಿದರು. ಜೋಳದ ಸಪ್ಪೆ, ರಾಗಿ ಹುಲ್ಲು, ಕಣ್ಣಿಗೆ ಗುಡ್ಡದಂತೆ ಕಂಡರೂ ತೂಕ ಕಮ್ಮಿ. ಆ ‘ದಬ್’ ಎಂದ ಜಾಗ ತಡೆಯುತ್ತದೆ. ಉಪ್ಪಿಲ್ಲ, ಉಚ್ಚೆಯಿಲ್ಲ. ದೂರವೂ ಇಲ್ಲ. ಬಣ್ಣ ಬೇಡ ಎಂದರೆ ಹದಿನೆಂಟು ಸಾವಿರ ಉಳಿಯಿತು. ಎಂಜಿನ್ ಪೂರ್ತಿ ಬಿಚ್ಚದೆ ನಾಜಲ್, ಪಂಪು ಮಾತ್ರ ನೋಡೋಣ ಎಂದು ಮೇಸ್ತ್ರಿ ಮೂವತ್ತು ಸಾವಿರ ಇಳಿಸಿದರು. ಬ್ರೇಕಿನಲ್ಲಿ ಮಾತ್ರ ಒಂದು ಪೈಸೆಯನ್ನೂ ಇಳಿಸಲಿಲ್ಲ. ನಾನು ಕೇಳಲೂ ಇಲ್ಲ. ದುಡ್ಡಿನ ಲೆಕ್ಕದಲ್ಲಿ ಇದು ಆಗಲೂ ನಷ್ಟವೇ. ಬಾಮೈದ ಚೀಟಿಯನ್ನು ಎರಡು ಸಲ ಕೂಡಿಸಿ, ಅಪ್ಪನ ಮುಖ ನೋಡಿ, ಮಡಿಸಿದ.

“ಎಡಗಡೆ ಬಾಗಿಲು ಬಡಿದು ನೆಟ್ಟಗೆ ಮಾಡ್ಲಾ?” ಸಾಬರು ಕೇಳಿದರು.

“ಅದೊಂದು ಮುಟ್ಟಬ್ಯಾಡ” ಅಂದರು ಮಾವ. ಒಳಗೆ ಅತ್ತೆ ನಕ್ಕದ್ದು ಕೇಳಿಸಿತು.

ಕೋಳಿಯ ಮರಿಗಳು ಹೊರಬರುವವರೆಗೆ, ಅಂದರೆ ಇನ್ನು ಹನ್ನೊಂದು ದಿನ, ಕ್ಯಾಬಿನ್ನಿಗೆ ಕೈ ಹಾಕಬಾರದು ಎಂದು ಅತ್ತೆಯ ಅಪ್ಪಣೆಯಾಯಿತು. ಸಾಬರು ಹಿಂದಿನಿಂದಲೇ ಶುರು ಮಾಡಿದ್ದಾರೆ. ಮನೆಗೆ ಬಂದ ಮೇಲೆ ಮಗಳು ಫ್ರಿಜ್ಜಿನ ಮಾವಿನಹಣ್ಣು ಎಲ್ಲಿ ಎಂದು ದಿನಾ ಕೇಳುತ್ತಿದ್ದಾಳೆ. ಅದು ಗಾಡಿಯ ಬಲ ಬಾಗಿಲಿಗೆ ಅಂಟಿಕೊಂಡು, ಖರ್ಚಿನ ಚೀಟಿ ಗಾಳಿಗೆ ಹಾರದಂತೆ ಹಿಡಿದುಕೊಂಡು ಕೂತಿದೆ.